ಹುಕುಂ ಮತ್ತು ಹಕೀಮ: ಒಂದು ಅರಬ್ಬೀ ಧಾತುವಿನ ಹುಟ್ಟು, ಹರವು

(ಭಾಷೆ ಮತ್ತು ಚರಿತ್ರೆಯಲ್ಲಿ ಆಸಕ್ತಿಯುಳ್ಳ ಸಾಮಾನ್ಯ ಶ್ರೋತೃಗಳ ಮುಂದೆ ನೀಡಿದ ಉಪನ್ಯಾಸವನ್ನು ತಿದ್ದಿ ಬರೆದ ರೂಪ.)

ಸಂಸ್ಕೃತ ವ್ಯಾಕರಣದ ಗಾಳಿ ಸ್ವಲ್ಪವಾದರೂ ಸೋಕಿದ ಕನ್ನಡಿಗರಿಗೆ ಧಾತು ಎಂಬ ಕಲ್ಪನೆ ಹೊಸದಲ್ಲ. ‘ಕೃ’ ಎಂಬ ಒಂದು ಧಾತುವಿನಿಂದ ಕರ್ತೃ, ಕರ್ಮ, ಕಾರ್ಯ, ಕೃತಿ, ಸಂಸ್ಕಾರ ಎಂಬ ಪದಗಳೆಲ್ಲ ಹೊರಟಿವೆ ಎಂದು ನಾವು ಶಾಲೆಯಲ್ಲಿಯೇ ಕಲಿತಿರುತ್ತೇವೆ. ಅರಬ್ಬೀ ಭಾಷೆಯಲ್ಲಿಯೂ ಪದಗಳು ಧಾತುಗಳಿಂದಲೇ ಹುಟ್ಟುತ್ತವೆ. ಆದರೆ ಅಲ್ಲಿಯ ಧಾತುವನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಅದು ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಸಾಲು ಮಾತ್ರ. ಆ ವ್ಯಂಜನಗಳ ನಡುವೆ ಯಾವ ಸ್ವರಗಳನ್ನು ಇಡಬೇಕು, ಮುಂದೆ ಹಿಂದೆ ಏನನ್ನು ಸೇರಿಸಬೇಕು ಎಂಬುದನ್ನು ನಿರ್ಧರಿಸುವುದು ಪದದ ಅಚ್ಚು. ಅರಬ್ಬೀ ವೈಯಾಕರಣರು ಈ ಅಚ್ಚನ್ನು ‘ವಜ್ನ್’ ಎಂದು ಕರೆಯುತ್ತಾರೆ. ನಮ್ಮ ಮಂಡಿಗಳಲ್ಲಿ ಮೂಟೆ ತೂಗುವಾಗ ಹೇಳುವ ‘ವಜನು’ ಅದೇ ಮಾತು. ಮಾಡುವವನನ್ನು ಹೇಳುವ ಅಚ್ಚು ಒಂದು, ಸ್ಥಿರವಾದ ಗುಣವನ್ನು ಹೇಳುವ ಅಚ್ಚು ಇನ್ನೊಂದು, ಕೆಲಸ ನಡೆಯುವ ಸ್ಥಳವನ್ನು ಹೇಳುವ ಅಚ್ಚು ಮತ್ತೊಂದು.

ಇಂದು ನಾನು ಮಾತನಾಡಲಿರುವುದು ಹ, ಕ, ಮ ಎಂಬ ಮೂರು ವ್ಯಂಜನಗಳ ಧಾತುವನ್ನು ಕುರಿತು. ಇಲ್ಲಿಯ ‘ಹ’ ನಮ್ಮ ‘ಹ’ಕಾರವಲ್ಲ, ಗಂಟಲಿನ ಒಳಭಾಗವನ್ನು ಬಿಗಿಹಿಡಿದು ಉಸಿರನ್ನು ಉಜ್ಜಿಕೊಂಡು ಹೊರಡಿಸುವ ಧ್ವನಿ ಅದು. ಪಾರಸಿಯೂ ಉರ್ದುವೂ ಅದನ್ನು ಬರವಣಿಗೆಯಲ್ಲಿ ಉಳಿಸಿಕೊಂಡು ಉಚ್ಚಾರದಲ್ಲಿ ಬಿಟ್ಟುಕೊಟ್ಟವು. ಕನ್ನಡ ಎರಡರಲ್ಲಿಯೂ ಬಿಟ್ಟುಕೊಟ್ಟಿತು. ಈ ಮೂರು ವ್ಯಂಜನಗಳನ್ನು ಬೇರೆ ಬೇರೆ ಅಚ್ಚುಗಳಲ್ಲಿ ಹಾಕಿದಾಗ ಹುಕ್ಮ್ ಎಂದರೆ ಆದೇಶ ಅಥವಾ ತೀರ್ಪು, ಹಾಕಿಮ್ ಎಂದರೆ ಆಳುವವನು ಅಥವಾ ತೀರ್ಪು ಕೊಡುವವನು, ಹಕೀಮ್ ಎಂದರೆ ವಿವೇಕಿ ಮತ್ತು ವೈದ್ಯ, ಹಕಮ್ ಎಂದರೆ ಮಧ್ಯಸ್ಥ, ಹಿಕ್ಮ ಎಂದರೆ ಜ್ಞಾನ, ಮಹ್ಕಮ ಎಂದರೆ ನ್ಯಾಯಾಲಯ, ಮಹ್ಕೂಮ್ ಎಂದರೆ ಶಿಕ್ಷೆಗೆ ಗುರಿಯಾದವನು, ಹುಕೂಮ ಎಂದರೆ ಸರ್ಕಾರ ಎಂಬ ಪದಗಳು ದೊರೆಯುತ್ತವೆ. ಆಳುವುದು, ತೀರ್ಪು ಕೊಡುವುದು, ವಿವೇಕಿಯಾಗಿರುವುದು, ಚಿಕಿತ್ಸೆ ಮಾಡುವುದು ಎಂಬ ಈ ಕೆಲಸಗಳನ್ನು ನಾವು ಇಂದು ಬೇರೆ ಬೇರೆ ಜನರಿಂದ ನಿರೀಕ್ಷಿಸುತ್ತೇವೆ. ಅವೆಲ್ಲ ಒಂದೇ ಧಾತುವಿನಡಿ ಹೇಗೆ ಕೂಡಿದವು, ಯಾವಾಗ ಒಂದರಿಂದ ಒಂದು ದೂರ ಸರಿದವು ಎಂಬುದೇ ನನ್ನ ವಿಷಯ.

ಅರಬ್ಬೀ ನಿಘಂಟುಕಾರರಿಗೆ ಈ ಪ್ರಶ್ನೆ ಬಹಳ ಹಿಂದೆಯೇ ಎದುರಾಗಿತ್ತು. ಎಂಟನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅರಬ್ಬಿಯ ಮೊದಲ ನಿಘಂಟನ್ನು ಯೋಜಿಸಿದಾಗ ವರ್ಣಮಾಲೆಯ ರೂಢಿಯ ಕ್ರಮವನ್ನು ಬಿಟ್ಟು, ಧ್ವನಿ ಹುಟ್ಟುವ ಸ್ಥಾನವನ್ನು ಅನುಸರಿಸಿ ಗಂಟಲಿನ ಆಳದಿಂದ ತುಟಿಯ ಕಡೆಗೆ ಧಾತುಗಳನ್ನು ಜೋಡಿಸಿದ. ನಮ್ಮ ವರ್ಣಮಾಲೆಯ ವರ್ಗಗಳನ್ನು ಬಲ್ಲವರಿಗೆ ಈ ಕ್ರಮ ಪರಿಚಿತವೆನಿಸುತ್ತದೆ. ಅವನಿಂದ ಸುಮಾರು ಎರಡು ಶತಮಾನಗಳ ನಂತರ, 1004ರಲ್ಲಿ ತೀರಿಕೊಂಡ ಇಬ್ನ್ ಫಾರಿಸ್ ಎಂಬ ವಿದ್ವಾಂಸ ಇನ್ನೂ ಮುಂದೆ ಹೋಗಿ, ಪ್ರತಿಯೊಂದು ಧಾತುವಿಗೂ ಒಂದು ಅಥವಾ ಕೆಲವೇ ಮೂಲಾರ್ಥಗಳಿದ್ದು ಉಳಿದ ಅರ್ಥಗಳನ್ನೆಲ್ಲ ಅವುಗಳಿಂದ ಬಿಡಿಸಿ ತೋರಿಸಬಹುದೆಂದು ವಾದಿಸಿದ. ಹ-ಕ-ಮ ಧಾತುವಿಗೆ ಅವನು ಕೊಟ್ಟ ಮೂಲಾರ್ಥ ಒಂದೇ: ತಡೆಯುವುದು. ತೀರ್ಪು ಹುಕ್ಮ್ ಎನಿಸಿಕೊಳ್ಳುವುದು ಅದು ಅನ್ಯಾಯವನ್ನು ತಡೆಯುವುದರಿಂದ. ಜ್ಞಾನ ಹಿಕ್ಮ ಎನಿಸಿಕೊಳ್ಳುವುದು ಅದು ಅಜ್ಞಾನವನ್ನು ತಡೆಯುವುದರಿಂದ. ಕುರಾನಿನ ಪದಗಳಿಗೆ ಕೋಶ ರಚಿಸಿದ ರಾಗಿಬ್ ಅಲ್-ಇಸ್ಫಹಾನಿ ಇದಕ್ಕೆ ಒಂದು ಸೂಕ್ಷ್ಮವನ್ನು ಸೇರಿಸಿದ: ಯಾವುದೋ ಒಂದು ತಡೆಯಲ್ಲ, ಸರಿಪಡಿಸುವ ಉದ್ದೇಶದಿಂದ ಒಡ್ಡುವ ತಡೆ.

ಈ ವಿವರಣೆಗೆ ಅವರೆಲ್ಲ ಮುಂದಿಡುವ ಸಾಕ್ಷಿ ಕುದುರೆಯದು. ಕುದುರೆಯ ದವಡೆಯನ್ನು ಸುತ್ತುವರಿದು ಕಡಿವಾಣಕ್ಕೆ ಸೇರಿಕೊಂಡಿರುವ ಪಟ್ಟಿಗೆ ಅರಬ್ಬಿಯಲ್ಲಿ ‘ಹಕಮ’ ಎಂದು ಹೆಸರು. ಹದಿಮೂರನೆಯ ಶತಮಾನದ ಕೊನೆಗೆ ಮುಗಿದ ಇಬ್ನ್ ಮಂಜೂರನ ಬೃಹತ್ ನಿಘಂಟು ಈ ಪಟ್ಟಿಯನ್ನು ವಿವರಿಸುತ್ತ, ಅರಬರು ಅದನ್ನು ಹಸಿದೊಗಲಿನಿಂದಲೂ ನಾರಿನಿಂದಲೂ ಮಾಡಿಕೊಳ್ಳುತ್ತಿದ್ದರು, ಏಕೆಂದರೆ ಅವರಿಗೆ ಬೇಕಾಗಿದ್ದುದು ಶೌರ್ಯವೇ ಹೊರತು ಅಲಂಕಾರವಲ್ಲ ಎಂದು ಒಂದು ಮಾತನ್ನು ಉಳಿಸಿಕೊಂಡಿದೆ. ನಿಘಂಟಿನಲ್ಲಿ ಹೀಗೆ ಅನಿರೀಕ್ಷಿತವಾಗಿ ಸಿಗುವ ಜೀವನದ ತುಣುಕುಗಳಿಗಾಗಿಯೇ ಅದನ್ನು ಓದುವವರಿದ್ದಾರೆ, ನಾನೂ ಅವರಲ್ಲೊಬ್ಬ. ಎರಡನೆಯ ಸಾಕ್ಷಿ ಉಮಯ್ಯದ್ ಕಾಲದ ಕವಿ ಜರೀರನ ಒಂದು ಪದ್ಯ. ಹನೀಫ ಕುಲದವರನ್ನು ಉದ್ದೇಶಿಸಿ ಅವನು ಹೀಗೆ ಎಚ್ಚರಿಸುತ್ತಾನೆ: ‘ಹನೀಫನ ಮಕ್ಕಳೇ, ನಿಮ್ಮಲ್ಲಿಯ ಮೂಢರಿಗೆ ಕಡಿವಾಣ ಹಾಕಿ, ನನಗೆ ಸಿಟ್ಟು ಬಂದರೆ ನಿಮಗೇನಾದೀತೋ ಎಂದು ಹೆದರುತ್ತೇನೆ.’ ನಿಂದಾಕಾವ್ಯದಲ್ಲಿ ಎತ್ತಿದ ಕೈಯಾಗಿದ್ದ ಜರೀರನ ಸಿಟ್ಟಿಗೆ ಕುಲಗಳು ಹೆದರುತ್ತಿದ್ದುದು ನಿಜ. ಇಲ್ಲಿ ‘ಕಡಿವಾಣ ಹಾಕಿ’ ಎಂದು ನಾನು ಅನುವಾದಿಸಿದ ಕ್ರಿಯಾಪದ ಹ-ಕ-ಮ ಧಾತುವಿನದೇ ಆಗಿದೆ.

ವಿವರಣೆ ಸೊಗಸಾಗಿದೆ. ಕಡಿವಾಣದಿಂದ ಹೊರಟು ನ್ಯಾಯಾಲಯವನ್ನೂ ಸರ್ಕಾರವನ್ನೂ ತಲುಪುವ ದಾರಿ ಯಾರ ಮನಸ್ಸನ್ನಾದರೂ ಹಿಡಿಯುತ್ತದೆ. ಆದರೆ ನನ್ನ ಸಂಶಯ ಹುಟ್ಟುವುದೂ ಅಲ್ಲಿಂದಲೇ. ಅರಬ್ಬಿಯೊಂದನ್ನೇ ನೋಡುತ್ತ ಕುಳಿತರೆ ಕಾಣದ ಚಿತ್ರ ಅದರ ಸೋದರ ಭಾಷೆಗಳ ಕಡೆಗೆ ತಿರುಗಿದಾಗ ಕಾಣುತ್ತದೆ. ಹೀಬ್ರೂವಿನಲ್ಲಿ ಇದೇ ಧಾತುವಿನಿಂದ ‘ಹಾಖಾಮ್’, ಅಂದರೆ ಜ್ಞಾನಿ, ಮತ್ತು ‘ಹೊಖ್ಮಾ’, ಅಂದರೆ ಜ್ಞಾನ, ಎಂಬ ಪದಗಳಿವೆ. ಅರಮಾಯಿಕ್ ಭಾಷೆಯಲ್ಲಿ ಜ್ಞಾನಿಗೆ ‘ಹಕ್ಕೀಮ್’ ಎನ್ನುತ್ತಾರೆ. ಸಿರಿಯಾದ ಕರಾವಳಿಯ ಉಗಾರಿತ್ ಪಟ್ಟಣದಲ್ಲಿ ದೊರೆತ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮಣ್ಣಿನ ಹಲಗೆಗಳಲ್ಲಿ ಏಲ್ ಎಂಬ ಹಿರಿಯ ದೇವರನ್ನು ಜ್ಞಾನಿ ಎಂದು ಹೊಗಳುವಾಗ ಬಳಕೆಯಾಗಿರುವುದು ಇದೇ ಮೂರು ವ್ಯಂಜನಗಳು. ಮೆಸೊಪೊಟೇಮಿಯಾದ ಅಕ್ಕಾದಿಯನ್ ಭಾಷೆಯಲ್ಲಿ ಇದರ ನಂಟಿನ ಕ್ರಿಯಾಪದಕ್ಕೆ ‘ತಿಳಿದುಕೊಳ್ಳು’ ಎಂದು ಅರ್ಥ. ಈ ಭಾಷೆಗಳಲ್ಲೆಲ್ಲ ಎದ್ದು ಕಾಣುವ ಅರ್ಥ ಅರಿವು, ವಿವೇಕ. ಆಳುವುದು, ತೀರ್ಪು ಕೊಡುವುದು, ತಡೆಯುವುದು ಎಂಬ ಅರ್ಥಗಳು ಹುಲುಸಾಗಿ ಬೆಳೆದದ್ದು ಅರಬ್ಬಿಯಲ್ಲಿ.

ಹಾಗಿದ್ದರೆ ಅರಬ್ಬಿಯಲ್ಲಿರುವ ‘ವಿವೇಕ’ ಎಂಬ ಅರ್ಥವೇ ಉತ್ತರದ ಸೋದರ ಭಾಷೆಗಳಿಂದ ಬಂದದ್ದಿರಬಹುದೇ? ಕುರಾನಿನಲ್ಲಿರುವ ಅನ್ಯಭಾಷಾ ಪದಗಳನ್ನು ಪಟ್ಟಿ ಮಾಡಿ ಆರ್ಥರ್ ಜೆಫ್ರಿ 1938ರಲ್ಲಿ ಪ್ರಕಟಿಸಿದ ಗ್ರಂಥ ಹಿಕ್ಮ ಎಂಬ ಪದವನ್ನೂ ಆ ಸಾಲಿಗೆ ಸೇರಿಸಿ, ಅದರ ಹಿಂದೆ ಅರಮಾಯಿಕ್ ಪ್ರಭಾವವನ್ನು ಕಾಣುತ್ತದೆ. (ಆ ಗ್ರಂಥ ಅಚ್ಚಾದದ್ದು ನಮ್ಮ ಬರೋಡಾದಲ್ಲಿ, ಅಲ್ಲಿಯ ಗಾಯಕವಾಡ ಗ್ರಂಥಮಾಲೆಯಲ್ಲಿ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬೇಕು.) ಪದರೂಪ ಎಲ್ಲಿಂದ ಬಂದಿರಲಿ, ನನಗೆ ಮುಖ್ಯವೆನಿಸುವುದು ಇಷ್ಟು: ಕಡಿವಾಣವನ್ನು ಎಲ್ಲ ಅರ್ಥಗಳ ತಾಯಿ ಎನ್ನುವುದಕ್ಕಿಂತ ಅದನ್ನು ಧಾತುವಿನ ಅನೇಕ ಕೊಂಬೆಗಳಲ್ಲಿ ಒಂದು ಎಂದು ತಿಳಿಯುವುದು ಹೆಚ್ಚು ಸುರಕ್ಷಿತ. ಇಬ್ನ್ ಫಾರಿಸ್‌ನ ಮುಂದೆ ಇದ್ದದ್ದು ಅರಬ್ಬೀ ಮಾತ್ರ; ಅದರೊಳಗಿನಿಂದ ಅವನು ಕಟ್ಟಿದ್ದು ಒಂದು ತರ್ಕವನ್ನು, ಚರಿತ್ರೆಯನ್ನಲ್ಲ. ಧ್ವನಿಸಾಮ್ಯವನ್ನು ನಂಬಿ ಮುಂದುವರಿದರೆ ಮೋಸ ಹೋಗುವುದು ಎಷ್ಟು ಸುಲಭ ಎಂಬುದಕ್ಕೆ ಕುದುರೆಯ ಲಾಯದಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಕುದುರೆಯ ತಲೆಗೆ ಹಾಕುವ ಹಗ್ಗದ ಕಟ್ಟಿಗೆ ಸ್ಪೇನಿನವರು ‘ಹಾಕಿಮ’ ಎನ್ನುತ್ತಾರೆ. ಕೇಳಿದೊಡನೆ ಅದು ಅರಬ್ಬಿಯ ಹಕಮದ ಮಗುವೇ ಸರಿ ಎನಿಸುತ್ತದೆ. ಆದರೆ ಅದು ಬಂದಿರುವುದು ‘ಶಕೀಮ’ ಎಂಬ ಬೇರೆಯದೇ ಅರಬ್ಬೀ ಪದದಿಂದ. ಸ್ಪ್ಯಾನಿಶ್‌ನಲ್ಲಿ ಹಳೆಯ ‘ಶ’ಕಾರ ಕಾಲಕ್ರಮದಲ್ಲಿ ‘ಹ’ಕಾರದಂತೆ ಕೇಳಿಸತೊಡಗಿದ್ದರಿಂದ ಈ ಭ್ರಮೆ ಉಂಟಾಗುತ್ತದೆ. ನಮ್ಮಲ್ಲಿಯೂ ‘ಹಕ್ಕು’ ಮತ್ತು ‘ಹಕೀಮ’ ಒಂದೇ ಬಳ್ಳಿಯವೆಂದು ಕೆಲವರು ಭಾವಿಸುವುದುಂಟು. ಹಕ್ಕಿನ ‘ಕ’ ಅರಬ್ಬಿಯಲ್ಲಿ ಕಿರುನಾಲಗೆಯ ಹತ್ತಿರ ಹುಟ್ಟುವ ಬೇರೊಂದು ಧ್ವನಿ. ಅದರ ಧಾತುವೇ ಬೇರೆ.

ವಿವೇಕ ಮತ್ತು ತೀರ್ಪು ಎಂಬ ಎರಡು ಅರ್ಥಗಳನ್ನು ಬೆಸೆದದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಕುದುರೆಯ ಮುಖದಲ್ಲಿ ಹುಡುಕುವುದಕ್ಕಿಂತ ಇಸ್ಲಾಮಿಗೆ ಹಿಂದಿನ ಅರಬ್ ಸಮಾಜದಲ್ಲಿ ಹುಡುಕುವುದು ಮೇಲು. ಆ ಸಮಾಜದ ಬಹುಭಾಗದಲ್ಲಿ ಅರಸನೂ ಇರಲಿಲ್ಲ, ಠಾಣೆಯೂ ಇರಲಿಲ್ಲ, ಸೆರೆಮನೆಯೂ ಇರಲಿಲ್ಲ. ಎರಡು ಕುಲಗಳ ನಡುವೆ ಬಾವಿಯ ನೀರಿನ ಬಗ್ಗೆ, ಕೊಲೆಯ ಪರಿಹಾರದ ಬಗ್ಗೆ, ಕೆಲವೊಮ್ಮೆ ಯಾರ ವಂಶ ಹಿರಿದು ಎಂಬ ಬಗ್ಗೆಯೂ ವ್ಯಾಜ್ಯ ಹುಟ್ಟಿದರೆ ಇಬ್ಬರೂ ಒಪ್ಪುವ ಒಬ್ಬ ಹಕಮ್‌ನ ಬಳಿಗೆ ಹೋಗುತ್ತಿದ್ದರು. ತಮೀಮ್ ಕುಲದ ಅಕ್ಸಮ್ ಇಬ್ನ್ ಸೈಫಿ ಅಂಥವರಲ್ಲಿ ಹೆಸರಾದವನು. ಸೂಕ್ತಿಗಳಿಗೂ ತೀರ್ಪುಗಳಿಗೂ ಒಂದೇ ರೀತಿ ಪ್ರಸಿದ್ಧನಾದವನು. ಕಾವ್ಯದಲ್ಲಿಯೂ ಹೀಗೆಯೇ: ಉಕಾಜ್ ಸಂತೆಯಲ್ಲಿ ನಾಬಿಗ ಎಂಬ ಹಿರಿಯ ಕವಿಗೆ ಕೆಂಪು ತೊಗಲಿನ ಡೇರೆ ಹಾಕಿಕೊಟ್ಟು, ಉಳಿದ ಕವಿಗಳು ತಮ್ಮ ಪದ್ಯಗಳನ್ನು ಅವನ ಮುಂದೆ ಹಾಡಿ ಅವನ ಅಭಿಪ್ರಾಯಕ್ಕೆ ಕಾಯುತ್ತಿದ್ದರೆಂದು ಹೇಳುವ ಕಥೆಗಳಿವೆ. ಹಕಮ್‌ನ ಕೈಯಲ್ಲಿ ತೀರ್ಪನ್ನು ಜಾರಿಗೊಳಿಸುವ ಯಾವ ಬಲವೂ ಇರಲಿಲ್ಲ. ಆತ ವಿವೇಕಿ ಎಂಬ ಖ್ಯಾತಿಯೇ ಅವನ ಬಂಡವಾಳ. ಆ ಖ್ಯಾತಿ ಹೋದ ದಿನ ಅವನ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಇಂಥ ಸಮಾಜದಲ್ಲಿ ತೀರ್ಪು ಕೊಡುವವನಿಗೂ ವಿವೇಕಿಗೂ ಒಂದೇ ಧಾತುವಿನ ಹೆಸರಿರುವುದು ಸಹಜ.

ಏಳನೆಯ ಶತಮಾನದಲ್ಲಿ ಅರಬರಿಗೆ ರಾಜ್ಯವೆಂಬುದು ಬಂದಾಗ ಈ ಬೆಸುಗೆ ಬಿರುಕು ಬಿಟ್ಟಿತು. ಬಿರುಕು ಬಿಟ್ಟ ವರ್ಷ ಮತ್ತು ಸ್ಥಳ ಎರಡೂ ನಮಗೆ ಗೊತ್ತು: 657, ಯೂಫ್ರಟೀಸ್ ನದಿಯ ದಂಡೆಯ ಸಿಫ್ಫೀನ್. ನಾಲ್ಕನೆಯ ಖಲೀಫ ಅಲಿ ಮತ್ತು ಸಿರಿಯಾದ ಅಧಿಪತಿ ಮುಆವಿಯ ಇಬ್ಬರ ಸೇನೆಗಳು ಅಲ್ಲಿ ಎದುರಾದವು. ಯುದ್ಧ ಉಗ್ರವಾಗಿದ್ದಾಗ ಸಿರಿಯಾದ ಸೈನಿಕರು ಕುರಾನಿನ ಪ್ರತಿಗಳನ್ನು ಭರ್ಜಿಗಳ ತುದಿಗೆ ಕಟ್ಟಿ ಎತ್ತಿ ಹಿಡಿದು, ಇದೇ ನಮ್ಮ ನಡುವೆ ತೀರ್ಪು ಕೊಡಲಿ ಎಂದು ಕೂಗಿದರೆಂದು ಇತಿಹಾಸಕಾರರು ಬರೆಯುತ್ತಾರೆ. ಅಲಿಯವರ ಕಡೆಯ ಅನೇಕರು ಯುದ್ಧ ನಿಲ್ಲಿಸುವಂತೆ ಒತ್ತಾಯಿಸಿದ್ದರಿಂದ ಅವರು ಮಧ್ಯಸ್ಥಿಕೆಗೆ ಒಪ್ಪಬೇಕಾಯಿತು. ಅಬೂ ಮೂಸಾ ಅಲ್-ಅಶ್‌ಅರಿ ಒಂದು ಕಡೆಯ ಹಕಮ್, ಅಮ್ರ್ ಇಬ್ನ್ ಅಲ್-ಆಸ್ ಇನ್ನೊಂದು ಕಡೆಯ ಹಕಮ್. ಕುಲಕುಲಗಳ ನಡುವೆ ನಡೆದುಬಂದ ಹಳೆಯ ಪದ್ಧತಿಯನ್ನು ಒಂದು ಸಾಮ್ರಾಜ್ಯದ ಒಡೆತನದ ಪ್ರಶ್ನೆಗೆ ಹಚ್ಚಿದ್ದು ಹೀಗೆ.

ಒಪ್ಪಂದವನ್ನು ಓದಿ ಹೇಳುತ್ತಿದ್ದಂತೆ ಅಲಿಯವರ ಸೇನೆಯೊಳಗಿನಿಂದಲೇ ಒಂದು ಘೋಷಣೆ ಎದ್ದಿತು: ‘ಲಾ ಹುಕ್ಮ ಇಲ್ಲಾ ಲಿಲ್ಲಾಹ್’, ಹುಕ್ಮ್ ದೇವರೊಬ್ಬನದೇ. ಮನುಷ್ಯರನ್ನು ಹಕಮ್‌ಗಳನ್ನಾಗಿ ನೇಮಿಸಿದ್ದೇ ಪಾಪವೆಂಬುದು ಅವರ ವಾದ. ಸೇನೆಯಿಂದ ಹೊರನಡೆದ ಈ ಗುಂಪನ್ನು ಚರಿತ್ರೆ ಖಾರಿಜಿಗಳು ಎಂದು ಕರೆಯುತ್ತದೆ. ಆದರೆ ಅವರಿಗೆ ಬಿದ್ದ ಮೊದಲ ಹೆಸರುಗಳಲ್ಲಿ ಒಂದು ‘ಮುಹಕ್ಕಿಮ’, ಅಂದರೆ ಹುಕ್ಮ್ ಎಂಬ ಘೋಷಣೆಯನ್ನು ಕೂಗುವವರು. ಘೋಷಣೆಯನ್ನು ಕೇಳಿದ ಅಲಿ ‘ಮಾತು ಸತ್ಯದ್ದು, ಅದರ ಹಿಂದಿನ ಉದ್ದೇಶ ಅಸತ್ಯದ್ದು’ ಎಂದರು. ಹುಕ್ಮ್ ದೇವರದೇ ನಿಜ, ಆದರೆ ಇವರು ಹೇಳುತ್ತಿರುವುದು ಆಡಳಿತವೂ ದೇವರದೇ ಎಂದು. ಜನರಿಗೆ ಒಳ್ಳೆಯವನೋ ಕೆಟ್ಟವನೋ ಒಬ್ಬ ಆಳುವವನು ಇರಲೇಬೇಕಲ್ಲ ಎಂದು ಅವರು ಮುಂದುವರಿಸಿದರೆಂದು ಪರಂಪರೆ ಹೇಳುತ್ತದೆ. ಇನ್ನೊಂದು ಸಂದರ್ಭದಲ್ಲಿ ಅವರ ಹೆಸರಿನಲ್ಲಿ ಉಳಿದಿರುವ ಮಾತು ಇದಕ್ಕಿಂತ ಆಳವಾದದ್ದು: ಕುರಾನು ಎರಡು ರಟ್ಟುಗಳ ನಡುವಿನ ಅಕ್ಷರಸಾಲು, ಅದಕ್ಕೆ ನಾಲಗೆಯಿಲ್ಲ, ಅದರ ಪರವಾಗಿ ಮಾತನಾಡುವವರು ಮನುಷ್ಯರೇ.

ಖಾರಿಜಿಗಳ ಜೊತೆ ವಾದಿಸಲು ಹೋದ, ಅಲಿಯವರ ದಾಯಾದಿ ಸೋದರ ಇಬ್ನ್ ಅಬ್ಬಾಸ್ ಇದೇ ಧಾತುವನ್ನು ಅವರ ವಿರುದ್ಧ ತಿರುಗಿಸಿದ ರೀತಿ ಗಮನಾರ್ಹವಾದುದು. ಗಂಡಹೆಂಡಿರ ನಡುವೆ ಬಿರುಕು ಕಂಡರೆ ಅವನ ಮನೆಯವರಿಂದ ಒಬ್ಬ ಹಕಮ್, ಅವಳ ಮನೆಯವರಿಂದ ಒಬ್ಬ ಹಕಮ್‌ನನ್ನು ಕಳುಹಿಸಿ ಎಂದು ಕುರಾನೇ ನಾಲ್ಕನೆಯ ಅಧ್ಯಾಯದಲ್ಲಿ ಹೇಳುತ್ತದೆ. ಯಾತ್ರೆಯ ವ್ರತದಲ್ಲಿದ್ದವನು ಬೇಟೆಯಾಡಿದರೆ ಪರಿಹಾರವೇನೆಂಬುದನ್ನು ನ್ಯಾಯವಂತರಾದ ಇಬ್ಬರು ತೀರ್ಮಾನಿಸಲಿ ಎಂದು ಐದನೆಯ ಅಧ್ಯಾಯ ಹೇಳುತ್ತದೆ. ಒಂದು ಮೊಲದ ವಿಷಯದಲ್ಲಿ, ಒಬ್ಬ ಹೆಂಗಸಿನ ಸಂಸಾರದ ವಿಷಯದಲ್ಲಿ ಮನುಷ್ಯರು ಹುಕ್ಮ್ ಕೊಡಬಹುದಾದರೆ ಸಾವಿರಾರು ಜನರ ಪ್ರಾಣ ಉಳಿಸುವ ವಿಷಯದಲ್ಲಿ ಏಕೆ ಕೂಡದು ಎಂಬುದು ಅವರ ಪ್ರಶ್ನೆ. ಅನೇಕರು ಮನಸ್ಸು ಬದಲಿಸಿದರೆಂದೂ ಉಳಿದವರು ಬದಲಿಸಲಿಲ್ಲವೆಂದೂ ಹೇಳುತ್ತಾರೆ. ಮರುವರ್ಷ ನಹ್ರವಾನ್‌ನಲ್ಲಿ ಅವರ ಮೇಲೆ ಯುದ್ಧವಾಯಿತು; 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯವರ ಮೇಲೆ ಖಡ್ಗ ಎತ್ತಿದವನು ಅವರಲ್ಲೊಬ್ಬ. ಈ ಇಡೀ ದುರಂತದಲ್ಲಿ ನನಗೆ ಕಾಣುವುದು ಒಂದೇ ಪದದ ಎರಡು ಅರ್ಥಗಳ ಘರ್ಷಣೆ. ಹುಕ್ಮ್ ಎಂದರೆ ಇಬ್ಬರು ಒಪ್ಪಿ ಕೇಳುವ ತೀರ್ಪು ಎಂಬ ಹಳೆಯ ಅರ್ಥ ಒಂದು ಕಡೆ, ಹುಕ್ಮ್ ಎಂದರೆ ಯಾರ ಒಪ್ಪಿಗೆಯನ್ನೂ ಕೇಳದ ಪರಮಾಧಿಕಾರ ಎಂಬ ಅರ್ಥ ಇನ್ನೊಂದು ಕಡೆ.

ಆ ಘರ್ಷಣೆ ಮುಗಿದುಹೋಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ‘ಹಾಕಿಮಿಯ್ಯ’ ಎಂಬ ಹೊಸ ಪದವೊಂದು, ದೇವರ ಪರಮಾಧಿಕಾರ ಎಂಬ ಅರ್ಥದಲ್ಲಿ, ರಾಜಕೀಯ ಇಸ್ಲಾಮಿನ ಬರಹಗಳಲ್ಲಿ ಹರಡಿತು. ಅದನ್ನು ಉರ್ದುವಿನಲ್ಲಿ ರೂಪಿಸಿದವರು ದಖ್ಖನಿನ ಔರಂಗಾಬಾದಿನಲ್ಲಿ 1903ರಲ್ಲಿ ಹುಟ್ಟಿದ ಮೌದೂದಿ. ಅರಬ್ಬಿಯಲ್ಲಿ ಅದಕ್ಕೆ ಉಗ್ರ ರೂಪ ಕೊಟ್ಟವರು ಈಜಿಪ್ಟಿನ ಸಯ್ಯಿದ್ ಕುತುಬ್. ಅವರನ್ನು ಟೀಕಿಸಿದ ಮುಸ್ಲಿಂ ವಿದ್ವಾಂಸರು ಸಿಫ್ಫೀನಿನ ಘೋಷಣೆಯನ್ನೂ ಅದಕ್ಕೆ ಅಲಿ ಕೊಟ್ಟ ಉತ್ತರವನ್ನೂ ಮತ್ತೆ ಮತ್ತೆ ನೆನಪಿಸಿದರು.

ಧಾತುವಿನ ವಿವೇಕದ ಕೊಂಬೆ ಇಷ್ಟು ರಕ್ತ ಕಾಣಲಿಲ್ಲ. ಕುರಾನು ಲುಕ್ಮಾನನೆಂಬ ಸಾಧುಪುರುಷನಿಗೆ ಹಿಕ್ಮವನ್ನು ಕೊಟ್ಟೆವು ಎನ್ನುತ್ತದೆ. ಹಿಕ್ಮ ಪಡೆದವನು ಹೇರಳವಾದ ಒಳಿತನ್ನು ಪಡೆದಂತೆ ಎಂದು ಇನ್ನೊಂದು ಕಡೆ ಹೇಳುತ್ತದೆ. ದೇವರ ತೊಂಬತ್ತೊಂಬತ್ತು ನಾಮಗಳಲ್ಲಿ ಅಲ್-ಹಕಮ್ ಒಂದು, ಅಲ್-ಹಕೀಮ್ ಇನ್ನೊಂದು. ಅಬ್ದುಲ್ ಹಕೀಮ್ ಎಂಬ ಹೆಸರಿಗೆ ಪರಮವಿವೇಕಿಯ ಸೇವಕ ಎಂದು ಅರ್ಥ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ, ಖಲೀಫ ಮಾಮೂನನ ಕಾಲಕ್ಕೆ ಪ್ರಸಿದ್ಧಿಗೆ ಬಂದ ‘ಬೈತುಲ್ ಹಿಕ್ಮ’, ಜ್ಞಾನದ ಮನೆ, ಎಂಬ ಸಂಸ್ಥೆಯ ಹೆಸರಿನಲ್ಲಿ ಈ ಪದ ಗ್ರೀಕರ ತತ್ತ್ವಶಾಸ್ತ್ರವನ್ನೂ ವಿಜ್ಞಾನವನ್ನೂ ಒಳಗೊಳ್ಳುವಷ್ಟು ಅಗಲವಾಯಿತು. ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್ನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗಳಿಗೆ ತಂದದ್ದು ಇದೇ ಶತಮಾನದಲ್ಲಿ. ಆ ಪರಂಪರೆಯಲ್ಲಿ ತತ್ತ್ವಜ್ಞಾನಿಯೂ ವೈದ್ಯನೂ ಬಹುಮಟ್ಟಿಗೆ ಒಬ್ಬನೇ ಆಗಿದ್ದರಿಂದ, ಇಬ್ನ್ ಸೀನಾನಂಥವರನ್ನು ಕರೆಯಲು ಹಕೀಮ್ ಎಂಬ ಒಂದೇ ಪದ ಸಾಕಾಯಿತು. ಕಾಲ ಕಳೆದಂತೆ ತತ್ತ್ವ ಹಿಂದೆ ಸರಿದು ಔಷಧ ಮುಂದೆ ಬಂತು. ಧಾತುವಿನ ಎರಡೂ ಕೊಂಬೆಗಳು ಒಂದೇ ಕಟ್ಟಡದಲ್ಲಿ ಸಂಧಿಸಿದ ಒಂದು ಪ್ರಸಂಗವನ್ನಂತೂ ಹೇಳದೆ ಮುಂದೆ ಹೋಗಲಾರೆ: 1005ರಲ್ಲಿ ಕೈರೋದಲ್ಲಿ ‘ದಾರುಲ್ ಹಿಕ್ಮ’ ಎಂಬ ವಿದ್ಯಾಲಯವನ್ನು ತೆರೆದ ಫಾತಿಮಿ ಖಲೀಫನ ಹೆಸರು ಅಲ್-ಹಾಕಿಮ್.

ಧರ್ಮಶಾಸ್ತ್ರದ ಹುಕ್ಮ್ ಬಗ್ಗೆ ಎರಡು ಮಾತು ಸಾಕು. ಮನುಷ್ಯನ ಪ್ರತಿಯೊಂದು ಕೃತ್ಯವೂ ಕಡ್ಡಾಯ, ಶ್ಲಾಘ್ಯ, ಐಚ್ಛಿಕ, ಅಪ್ರಿಯ, ನಿಷಿದ್ಧ ಎಂಬ ಐದು ಹುಕ್ಮ್‌ಗಳಲ್ಲಿ ಒಂದಕ್ಕೆ ಒಳಪಡುತ್ತದೆ ಎಂದು ಶಾಸ್ತ್ರಕಾರರು ವಿಂಗಡಿಸಿದರು. ಹುಕೂಮ ಎಂಬ ಪದಕ್ಕಾದರೋ ಹಳೆಯ ಗ್ರಂಥಗಳಲ್ಲಿ ನ್ಯಾಯನಿರ್ಣಯ, ಮಧ್ಯಸ್ಥಿಕೆ ಎಂದೇ ಅರ್ಥವಿತ್ತು; ಸಿಫ್ಫೀನಿನ ಮಧ್ಯಸ್ಥಿಕೆಯನ್ನೇ ಆ ಪದದಿಂದ ಕರೆದದ್ದುಂಟು. ಅದು ಇಂದಿನ ಅರ್ಥದ ಸರ್ಕಾರವಾದದ್ದು ಬಹಳ ಈಚೆಗೆ, ಮುಖ್ಯವಾಗಿ ಆಟೋಮನ್ನರ ಹತ್ತೊಂಬತ್ತನೆಯ ಶತಮಾನದ ಬಳಕೆಯಲ್ಲಿ.

ಆಟೋಮನ್ನರ ಹೆಸರು ಬಂದದ್ದರಿಂದ ಈ ಧಾತುವಿನ ಪರದೇಶ ಸಂಚಾರವನ್ನು ಅವರಿಂದಲೇ ಆರಂಭಿಸಬಹುದು. ಟರ್ಕಿ ಭಾಷೆಯಲ್ಲಿ ನ್ಯಾಯಾಧೀಶ ‘ಹಾಕಿಮ್’, ವೈದ್ಯ ‘ಹೆಕಿಮ್’, ಆಟದ ಮೈದಾನದ ತೀರ್ಪುಗಾರ ‘ಹಕೆಮ್’. ಸುಲ್ತಾನನ ಅರಮನೆಯ ಮುಖ್ಯ ವೈದ್ಯನಿಗೆ ‘ಹೆಕಿಂಬಾಶಿ’ ಎಂದೂ ಸಾಮ್ರಾಜ್ಯದ ಯಹೂದಿಗಳ ಮುಖ್ಯ ಧರ್ಮಗುರುವಿಗೆ ‘ಹಹಾಂಬಾಶಿ’ ಎಂದೂ ಪದವಿಗಳಿದ್ದವು. ಮೊದಲನೆಯದು ಅರಬ್ಬಿಯ ಹಕೀಮ್‌ನಿಂದ, ಎರಡನೆಯದು ಹೀಬ್ರೂವಿನ ಹಾಖಾಮ್‌ನಿಂದ. ಸಹಸ್ರಮಾನಗಳ ಹಿಂದೆ ಅಗಲಿದ ದಾಯಾದಿ ಪದಗಳೆರಡು ಒಂದೇ ಆಸ್ಥಾನದಲ್ಲಿ ಉದ್ಯೋಗ ಹಿಡಿದಿದ್ದವು. ಇಂಡೊನೇಷ್ಯಾದಲ್ಲಿ ‘ಹುಕುಮ್’ ಎಂದರೆ ಕಾನೂನು, ‘ಹುಕುಮನ್’ ಎಂದರೆ ಶಿಕ್ಷೆ, ‘ಮಹ್ಕಮಾ ಅಗುಂಗ್’ ಎಂದರೆ ಸರ್ವೋಚ್ಚ ನ್ಯಾಯಾಲಯ. ಸ್ವಾಹಿಲಿಯಲ್ಲಿ ‘ಹಕಿಮು’ ನ್ಯಾಯಾಧೀಶ, ‘ಹೆಕಿಮ’ ಜ್ಞಾನ. ಇಥಿಯೋಪಿಯಾದ ಅಮ್ಹಾರಿಕ್ ಮಾತನಾಡುವವರು ಜ್ವರ ಬಂದರೆ ‘ಹಕಿಮ್’ ಹತ್ತಿರ ಹೋಗುತ್ತಾರೆ. ಉರ್ದುವಿನಲ್ಲಿ ಮಹಕಮ ಎಂಬುದು ನ್ಯಾಯಾಲಯದಿಂದ ಇಳಿದು ಸರ್ಕಾರಿ ಇಲಾಖೆಯಾಯಿತು. ಧಾತುವಿನ ಅನೇಕ ಅರ್ಥಗಳಲ್ಲಿ ಯಾವ ನಾಡು ಯಾವುದನ್ನು ಇಟ್ಟುಕೊಂಡಿತು ಎಂಬುದು, ಅರಬ್ಬೀ ಆ ನಾಡಿಗೆ ಯಾರ ಕೈಯಲ್ಲಿ ಬಂತು ಎಂಬುದನ್ನು ಅವಲಂಬಿಸಿದೆ.

ನಮ್ಮ ನಾಡಿಗೆ ಅದು ಪಾರಸಿ ಮತ್ತು ದಖನಿಯ ಮೂಲಕ ಬಂತು. ಬಹುಮಟ್ಟಿಗೆ ದಫ್ತರದವರ ಕೈಯಲ್ಲಿ ಬಂತು. ಆದ್ದರಿಂದ ಕನ್ನಡದ ಹುಕುಂನಲ್ಲಿ ತೀರ್ಪಿನ ಅರ್ಥ ತೆಳುವಾಗಿ ಆದೇಶದ ಅರ್ಥ ದಪ್ಪವಾಗಿದೆ. ಟಿಪ್ಪು ಸುಲ್ತಾನನ ಆಡಳಿತ ಸೂಚನೆಗಳು ಹುಕುಂನಾಮೆಗಳೆಂದೇ ಹೆಸರಾಗಿವೆ. ಹುಕ್ಮ್ ಎಂಬ ಒಂದೇ ಉಸಿರಿನ ಪದದ ಕೊನೆಯ ಒತ್ತು ನಮ್ಮ ನಾಲಗೆಗೆ ಒಗ್ಗದ ಕಾರಣ ನಡುವೆ ಒಂದು ಉಕಾರ ಸೇರಿ ಅದು ಹುಕುಂ ಆಯಿತು. ‘ಏನು, ಹುಕುಂ ಚಲಾಯಿಸ್ತೀಯಾ?’ ಎಂದು ಜಗಳದಲ್ಲಿ ಕೇಳುವಾಗ ಆ ಪದಕ್ಕೆ ಒಂದು ಬಗೆಯ ದರ್ಪದ ವಾಸನೆಯೂ ಅಂಟಿಕೊಂಡಿದೆ; ಆದೇಶ ಎಂಬ ಸಂಸ್ಕೃತ ಪದಕ್ಕೆ ಆ ವಾಸನೆಯಿಲ್ಲ. ಹಕೀಮ ಎಂದರೆ ನಮಗೆ ಯುನಾನಿ ವೈದ್ಯ ಮಾತ್ರ. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಆ ಪರಂಪರೆಯ ಉನ್ನತ ವ್ಯಾಸಂಗ ನಡೆಯುತ್ತಿದೆ. ಅರೆಬೆಂದ ಹಕೀಮನಿಂದ ಪ್ರಾಣಕ್ಕೆ ಅಪಾಯ, ಅರೆಬೆಂದ ಮುಲ್ಲಾನಿಂದ ನಂಬಿಕೆಗೆ ಅಪಾಯ ಎಂಬ ಉರ್ದು ಗಾದೆ ನಮ್ಮ ಊರುಗಳ ಮುಸ್ಲಿಂ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹುಕುಂ ಮತ್ತು ಹಕೀಮ ಎರಡನ್ನೂ ದಿನವೂ ಬಳಸುವ ಕನ್ನಡಿಗನಿಗೆ ಅವುಗಳ ನಡುವಿನ ರಕ್ತಸಂಬಂಧ ಹೊಳೆಯುವುದಿಲ್ಲ, ಏಕೆಂದರೆ ನಾವು ಪದಗಳನ್ನು ಪಡೆದೆವೇ ಹೊರತು ಅವನ್ನು ಹುಟ್ಟಿಸುವ ಅಚ್ಚುಗಳನ್ನು ಪಡೆಯಲಿಲ್ಲ.

ಕರ್ನಾಟಕದಲ್ಲಿ ಈ ಧಾತುವಿನ ಅತ್ಯಂತ ಜೀವಂತ ಬಳಕೆ ಇರುವುದು ತಾಲ್ಲೂಕು ಕಚೇರಿಯಲ್ಲಿ. ‘ಬಗರ್ ಹುಕುಂ’ ಎಂಬುದರಲ್ಲಿ ಬಗರ್ ಎಂದರೆ ಇಲ್ಲದೆ. ಅದರೊಳಗಿನ ‘ಗೈರ್’ ನಮ್ಮ ಗೈರುಹಾಜರಿಯ ಗೈರು. ಆದೇಶವಿಲ್ಲದೆ, ಅಂದರೆ ಮಂಜೂರಾತಿಯಿಲ್ಲದೆ, ಸರ್ಕಾರಿ ಜಮೀನನ್ನು ಉಳುತ್ತಿರುವುದು ಬಗರ್ ಹುಕುಂ ಸಾಗುವಳಿ. 1964ರ ಭೂಕಂದಾಯ ಕಾಯಿದೆಗೆ ಸೇರಿಸಿದ 94-ಎ ಮೊದಲಾದ ಕಲಮುಗಳ ಪ್ರಕಾರ ಇಂಥ ಸಾಗುವಳಿಯನ್ನು ಸಕ್ರಮಗೊಳಿಸಲು ನಮೂನೆ 50, ನಮೂನೆ 53, ನಮೂನೆ 57 ಎಂದು ಬೇರೆ ಬೇರೆ ಕಾಲದಲ್ಲಿ ಅರ್ಜಿಗಳನ್ನು ಕರೆಯಲಾಯಿತು. ಕ್ಷೇತ್ರದ ಶಾಸಕರ ಅಧ್ಯಕ್ಷತೆಯ ಸಮಿತಿ ಅವನ್ನು ಪರಿಶೀಲಿಸುತ್ತದೆ. ಮಂಜೂರಾದರೆ ಸಾಗುವಳಿ ಚೀಟಿ ಸಿಗುತ್ತದೆ. ಈ ಸಮಿತಿಗೆ ಜನ ‘ಬಗರ್ ಹುಕುಂ ಸಮಿತಿ’ ಎಂದೇ ಹೆಸರಿಟ್ಟಿದ್ದಾರೆ. ಶಬ್ದಶಃ ತೆಗೆದುಕೊಂಡರೆ ಹುಕುಂ ಇಲ್ಲದ ಸಮಿತಿ ಹುಕುಂ ಕೊಡುತ್ತದೆ! ‘ನಮ್ಮದು ಬಗರ್ ಹುಕುಂ, ಐವತ್ತಮೂರರಲ್ಲಿ ಅರ್ಜಿ ಹಾಕಿದ್ದೇವೆ’ ಎನ್ನುವ ರೈತನ ಮಾತಿನಲ್ಲಿ ಅದು ಜಮೀನಿನ ಒಂದು ಜಾತಿಯ ಹೆಸರೇ ಆಗಿಬಿಟ್ಟಿದೆ. ಪಾರಸಿಯ ದಫ್ತರಗಳು ಮುಚ್ಚಿ ಎಷ್ಟೋ ಕಾಲವಾದ ಮೇಲೂ, ಕನ್ನಡದಲ್ಲಿ ನಡೆಯುವ ಆಡಳಿತ ಈ ಜೋಡುಪದಕ್ಕೆ ಬದಲಿ ಹುಡುಕುವ ಗೋಜಿಗೆ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಅತ್ತ ಅರಬ್ಬಿಯಲ್ಲಿ ಅಚ್ಚುಗಳು ಇನ್ನೂ ಕೆಲಸ ಮಾಡುತ್ತಿವೆ. ದೂರದಿಂದ ಯಂತ್ರವನ್ನು ನಿಯಂತ್ರಿಸುವುದು ‘ತಹಕ್ಕುಮ್’. ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದ ಡಬ್ಬಿ ‘ಮುಹ್ಕಮ್’. ಕುರಾನಿನಲ್ಲಿ ಸಂದಿಗ್ಧತೆಯಿಲ್ಲದ ಸ್ಪಷ್ಟ ವಾಕ್ಯಗಳನ್ನು ಹೇಳುವ ಪದವೂ ಇದೇ. ತಜ್ಞರು ಪರಿಶೀಲಿಸಿ ಒಪ್ಪಿದ ಲೇಖನಗಳನ್ನು ಮಾತ್ರ ಪ್ರಕಟಿಸುವ ವಿದ್ವತ್ಪತ್ರಿಕೆಯನ್ನು ‘ಮುಹಕ್ಕಮ’ ಎನ್ನುತ್ತಾರೆ. ಫುಟ್‌ಬಾಲ್ ಮೈದಾನದ ರೆಫರಿ ಹಕಮ್. ವಿಡಿಯೊ ನೋಡಿ ಅವನಿಗೆ ನೆರವಾಗುವವನು ವಿಡಿಯೊ ಹಕಮ್. ಕಂಪನಿಗಳೂ ಸಂಸ್ಥೆಗಳೂ ಹೇಗೆ ನಡೆಯಬೇಕೆಂಬ ‘ಗವರ್ನೆನ್ಸ್’ ಚರ್ಚೆ ಕಳೆದ ಶತಮಾನದ ಕೊನೆಗೆ ಅರಬ್ ದೇಶಗಳನ್ನು ಮುಟ್ಟಿದಾಗ, ಅದಕ್ಕೆ ಹುಕ್ಮ್ ಎಂದರೆ ಅಧಿಕಾರದ ಭಾರ ಹೆಚ್ಚಾಯಿತು, ಹುಕೂಮ ಎಂದರೆ ಸರ್ಕಾರವಾಯಿತು, ಹಿಕ್ಮ ಎಂದರೆ ತತ್ತ್ವಜ್ಞಾನವಾಯಿತು. ಈಜಿಪ್ಟಿನ ಕಡೆಯವರು ಧಾತುವನ್ನು ಅಪರೂಪದ ಅಚ್ಚೊಂದರಲ್ಲಿ ಹಾಕಿ ‘ಹೌಕಮ’ ಎಂಬ ಪದವನ್ನು ತೆಗೆದರು. ಮೊರಾಕ್ಕೊದವರು ‘ಹಕಾಮ’ ಎಂದರು, ಮತ್ತು ಅವರ 2011ರ ಸಂವಿಧಾನದಲ್ಲಿ ಉತ್ತಮ ಆಡಳಿತದ ಅಧ್ಯಾಯಕ್ಕೆ ಆ ಪದವೇ ತಲೆಬರಹವಾಗಿದೆ. ಎರಡರಲ್ಲಿ ಯಾವುದು ನಿಲ್ಲುತ್ತದೆ ಎಂಬ ಬಗ್ಗೆ ಅಲ್ಲಿಯ ಭಾಷಾಪಂಡಿತರ ನಡುವೆ ಒಮ್ಮತವಿಲ್ಲ. ಸದ್ಯಕ್ಕೆ ಕೈರೋದ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಒಂದು, ರಬಾತಿನ ಸರ್ಕಾರಿ ದಾಖಲೆಯಲ್ಲಿ ಇನ್ನೊಂದು ಎಂಬಂತೆ ಎರಡೂ ಚಲಾವಣೆಯಲ್ಲಿವೆ.